ಎರಡು 3090 ಕಾರ್ಡು, ಒಂದು ಎಸ್‌ಎಂಪಿಎಸ್: ಲೆಕ್ಕ, ಕೇಬಲ್, ಅಳತೆ

ಕೇಸಿನೊಳಗೆ ಈಗಾಗಲೇ ಇದ್ದದ್ದು ಇಷ್ಟು: ರೈಜನ್ 9 5950ಎಕ್ಸ್ ಪ್ರೊಸೆಸರ್, ಎಕ್ಸ್570 ಮದರ್‌ಬೋರ್ಡ್, ಎರಡು ಎನ್‌ವಿಎಂಇ ಎಸ್‌ಎಸ್‌ಡಿ, ಪಂಪ್ ಇರುವ ವಾಟರ್ ಕೂಲರ್, ಏಳು ಫ್ಯಾನ್, ಒಂದು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡು, 850 ವ್ಯಾಟಿನ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಪೆಟ್ಟಿಗೆ). ಹೊಸದಾಗಿ ಸೇರುವುದು ಅದೇ ಮಾಡೆಲ್ಲಿನ ಇನ್ನೊಂದು 3090, ಸೆಕೆಂಡ್ ಹ್ಯಾಂಡ್. ಎರಡಕ್ಕೂ ತಲಾ ಮೂರು 8-ಪಿನ್ ಸಾಕೆಟ್ ಇದೆ. ಇದಕ್ಕೆಲ್ಲ ಸರಿಹೋಗುವ ಎಸ್‌ಎಂಪಿಎಸ್ ಹುಡುಕಿ, ಹಾಕಿ, ಅಳೆದು ನೋಡಿದ್ದರ ವಿವರ ಇಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ. ಗೇಮಿಂಗಿಗೆ ಎರಡು ಕಾರ್ಡು ಹಾಕುವುದು ಈಗ ಹಳೇ ಹುಚ್ಚು. 2021ರ ಜನವರಿ 1ರಿಂದ ಎನ್‌ವಿಡಿಯಾ ಡ್ರೈವರಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದು ಗೇಮನ್ನು ಎರಡು ಕಾರ್ಡಿಗೆ ಹಂಚುವ ಸೆಟ್ಟಿಂಗ್) ಸೇರಿಸುವುದನ್ನು ನಿಲ್ಲಿಸಿತು. ಜೀಫೋರ್ಸ್ ಸಾಲಿನಲ್ಲಿ ಎರಡು ಕಾರ್ಡನ್ನು ಜೋಡಿಸುವ ಎನ್‌ವಿಲಿಂಕ್ ಕನೆಕ್ಟರ್ ಇರುವ ಕೊನೆಯ ಕಾರ್ಡುಗಳು 3090 ಮತ್ತು 3090 ಟಿಐ. 4090ರಲ್ಲಿ ಅದು ಇಲ್ಲವೇ ಇಲ್ಲ. 3090ರಲ್ಲೂ ಗೇಮ್ ಬರೆದವರೇ ಡೈರೆಕ್ಟ್‌ಎಕ್ಸ್ 12 ಅಥವಾ ವಲ್ಕನ್‌ನಲ್ಲಿ ಎರಡು ಕಾರ್ಡಿಗೆ ಅಂತ ಕೋಡ್ ಬರೆದಿದ್ದರೆ ಮಾತ್ರ ಎರಡನೆಯದಕ್ಕೆ ಕೆಲಸ. ಶ್ಯಾಡೋ ಆಫ್ ದ ಟೂಂಬ್ ರೈಡರ್, ಸ್ಟ್ರೇಂಜ್ ಬ್ರಿಗೇಡ್ ಅಂಥವು ಕೆಲವೇ ಇವೆ. ಉಳಿದ ಗೇಮ್‌ಗಳಲ್ಲಿ ಎರಡನೇ ಕಾರ್ಡು ಸುಮ್ನೆ ಕೂತಿರುತ್ತದೆ. ನನಗೆ ರೆಂಡರಿಂಗ್ ಕೆಲಸವೂ ಇದೆ, ಅದಕ್ಕೇ ಎರಡನೆಯದು ತಂದದ್ದು. ಬರೀ ಗೇಮಿಗೆ ಅಂತ ಕೇಳಿದರೆ ಬೇಡ ಅಂತಲೇ ಹೇಳುತ್ತೇನೆ.

ಕಾಗದದ ಮೇಲಿನ ಲೆಕ್ಕ

3090ರ ಬೋರ್ಡ್ ಪವರ್ 350 ವ್ಯಾಟ್. ಎರಡಕ್ಕೆ 700. 5950ಎಕ್ಸ್ ಪೆಟ್ಟಿಗೆಯ ಮೇಲೆ 105 ವ್ಯಾಟ್ ಅಂತ ಇರುತ್ತದೆ, ಆದರೆ ಸಾಕೆಟ್ಟಿಗೆ ಬಿಡುವ ನಿಜವಾದ ಮಿತಿ 142. ಬೋರ್ಡು, ರ್ಯಾಮ್, ಡ್ರೈವ್, ಪಂಪ್, ಫ್ಯಾನ್ ಎಲ್ಲ ಸೇರಿಸಿ ಒಂದು 65 ಅಂತಿಟ್ಟುಕೊಂಡೆ. ಒಟ್ಟು 907. ಅಲ್ಲಿಗೆ 850 ವ್ಯಾಟಿನದು ಕಾಗದದ ಮೇಲೇ ಸೋತಿತು.

ಹಾಗಾದರೆ 1000 ವ್ಯಾಟಿನದು ಸಾಕಲ್ವಾ? ಸರಾಸರಿ ಮಾತ್ರ ನೋಡಿದರೆ ಸಾಕು. ಆದರೆ ಗ್ರಾಫಿಕ್ಸ್ ಕಾರ್ಡು ಸರಾಸರಿಯಲ್ಲಿ ಕರೆಂಟ್ ಎಳೆಯುವುದಿಲ್ಲ. ಸಾವಿರದಲ್ಲೊಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಇದೇ 350 ವ್ಯಾಟಿನ ಕಾರ್ಡು 500 ದಾಟಿ ಮೇಲೆ ಹೋಗಿ ಬರುತ್ತದೆ. ಇದಕ್ಕೇ ಸ್ಪೈಕ್ ಅನ್ನುವುದು. ಗೋಡೆಗೆ ಹಾಕುವ ವ್ಯಾಟ್ ಮೀಟರ್‌ಗೆ ಅದು ಕಾಣುವುದಿಲ್ಲ, ಸಾಫ್ಟ್‌ವೇರಿಗೂ ಕಾಣುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ರಕ್ಷಣೆಯ ಸರ್ಕ್ಯೂಟಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಅದು ಇದನ್ನು ಓವರ್‌ಲೋಡ್ ಅಂದುಕೊಂಡರೆ ಎಲ್ಲವೂ ಒಂದೇ ಏಟಿಗೆ ಆಫ್, ಅಂದರೆ ಟ್ರಿಪ್. ಗೇಮ್ ಮಧ್ಯೆ ಪಟ್ಟಂತ ಕಪ್ಪಾಗುವ ಕಂಪ್ಯೂಟರ್‌ಗಳಲ್ಲಿ ಬಹಳಷ್ಟರ ಕಥೆ ಇದೇ.

ಹಳೆಯದರ ಮೇಲೆ ಬೇಕಂತಲೇ ಪರೀಕ್ಷೆ

ಹೊಸದನ್ನು ಕೊಳ್ಳುವ ಮುಂಚೆ ಹಳೇ 850ರ ಮೇಲೇ ಎರಡೂ ಕಾರ್ಡು ಹಾಕಿ ನೋಡಿದೆ. ಎಲ್ಲಿ ಟ್ರಿಪ್ ಆಗುತ್ತದೆ ಅಂತ ಗೊತ್ತಾದರೆ ಏನು ಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತದೆ. ಎನ್‌ವಿಡಿಯಾ ಡ್ರೈವರಿನ ಜೊತೆಗೇ ಬರುವ ಎನ್‌ವಿಡಿಯಾ-ಎಸ್‌ಎಂಐ ಕಮಾಂಡಿನಿಂದ ಪ್ರತಿ ಕಾರ್ಡಿಗೂ ಪವರ್ ಲಿಮಿಟ್ ಹಾಕಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಬೇಕು ಅಷ್ಟೇ. ರೀಸ್ಟಾರ್ಟ್ ಆದರೆ ಲಿಮಿಟ್ ಹೋಗಿಬಿಡುತ್ತದೆ, ಅದೂ ನೆನಪಿರಲಿ.

ಎರಡಕ್ಕೂ 250 ವ್ಯಾಟ್ ಕೊಟ್ಟಾಗ ಗೇಮ್ ಆರಾಮಾಗಿ ಓಡಿತು. ಗೋಡೆಯ ಮೀಟರ್ 740ರ ಆಸುಪಾಸು ತೋರಿಸುತ್ತಿತ್ತು. ಇದು ಗೋಡೆಯಿಂದ ಎಳೆಯುವ ಲೆಕ್ಕ. ಎಸ್‌ಎಂಪಿಎಸ್‌ನ ದಕ್ಷತೆ ಸುಮಾರು ಶೇ 90 ಅಂದುಕೊಂಡರೆ ಒಳಗೆ ಹೋಗುತ್ತಿದ್ದದ್ದು 665 ವ್ಯಾಟ್. ಪೆಟ್ಟಿಗೆಯ ಮೇಲಿನ 850 ಅನ್ನುವುದು ಒಳಗೆ ಕೊಡುವ ಪ್ರಮಾಣ, ಗೋಡೆಯಿಂದ ಎಳೆಯುವ ಪ್ರಮಾಣ ಅಲ್ಲ. ಬಹಳ ಜನ ಗೋಡೆಯ ಮೀಟರಿನ ಸಂಖ್ಯೆಯನ್ನೇ ಹಿಡಿದು ಗಾಬರಿಯಾಗುತ್ತಾರೆ.

300ಕ್ಕೆ ಏರಿಸಿದೆ. ಸರಾಸರಿ ಲೆಕ್ಕದಲ್ಲಿ 765, ಇನ್ನೂ 850ರ ಒಳಗೇ ಇದೆ. ಆದರೂ ಒಂದು ದೃಶ್ಯ ಲೋಡ್ ಆಗಿ ಎರಡೂ ಕಾರ್ಡು ಒಟ್ಟಿಗೆ ಎದ್ದ ಕ್ಷಣ ಕಂಪ್ಯೂಟರ್ ಆಫ್ ಆಯಿತು. ಪವರ್ ಬಟನ್ ಒತ್ತಿದರೂ ಏಳಲಿಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದ ಮೇಲೆ ಎದ್ದಿತು. ಎಸ್‌ಎಂಪಿಎಸ್‌ನ ರಕ್ಷಣೆ ಬಿದ್ದಿದೆ ಅನ್ನುವುದಕ್ಕೆ ಇದೇ ಒಳ್ಳೆಯ ಗುರುತು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಬಂದಿತ್ತು. ಅದನ್ನು ನೋಡಿ ಏನೋ ಸಿಕ್ಕಿತು ಅಂದುಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಮಾತ್ರ ಅದರ ಅರ್ಥ, ಯಾಕೆ ಅಂತ ಅದಕ್ಕೂ ಗೊತ್ತಿರುವುದಿಲ್ಲ.

ಆಮೇಲೆ ಮಾಡಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಪವರ್ ಲಿಮಿಟ್ 300ರಲ್ಲೇ ಬಿಟ್ಟು, ಕೋರ್ ಕ್ಲಾಕನ್ನು (ಕಾರ್ಡಿನ ಚಿಪ್ ಓಡುವ ವೇಗ) 1650 ಮೆಗಾಹರ್ಟ್ಜ್‌ಗಿಂತ ಮೇಲೆ ಹೋಗದಂತೆ ಕಟ್ಟಿದೆ. ಅದೇ ಗೇಮ್, ಅದೇ ದೃಶ್ಯ, ಟ್ರಿಪ್ ಆಗಲಿಲ್ಲ. ಪವರ್ ಲಿಮಿಟ್ ಕೆಲಸ ಮಾಡುವುದು ನಿಧಾನವಾಗಿ. ಕಾರ್ಡು ಎಷ್ಟು ಎಳೆದಿದೆ ಅಂತ ನೋಡಿ, ಆಮೇಲೆ ಇಳಿಸುತ್ತದೆ. ಅಷ್ಟರೊಳಗೆ ಸ್ಪೈಕ್ ಬಂದು ಹೋಗಿರುತ್ತದೆ. ಕ್ಲಾಕ್ ಕಟ್ಟಿದರೆ ಕಾರ್ಡು ಮೇಲಿನ ವೋಲ್ಟೇಜಿಗೆ ಹೋಗುವುದೇ ಇಲ್ಲ. ಚಿಪ್ ತಿನ್ನುವ ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಸ್ವಲ್ಪ ವೋಲ್ಟೇಜ್ ಇಳಿದರೂ ಸ್ಪೈಕ್ ತುಂಬಾ ಇಳಿಯುತ್ತದೆ. ದೊಡ್ಡ ಎಸ್‌ಎಂಪಿಎಸ್‌ಗೆ ದುಡ್ಡಿಲ್ಲದಿದ್ದರೆ ಪವರ್ ಲಿಮಿಟ್‌ಗಿಂತ ಮೊದಲು ಇದನ್ನು ಮಾಡಿ ನೋಡಿ.

ಯಾವುದು ಕೊಳ್ಳಬೇಕು

ಸ್ಪೈಕ್ ವಿಷಯಕ್ಕೆ ಈಗ ನಿಯಮವೇ ಇದೆ. 2022ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 (ಎಸ್‌ಎಂಪಿಎಸ್‌ಗಳ ಸ್ಟ್ಯಾಂಡರ್ಡ್) ಪ್ರಕಾರ ದೊಡ್ಡ ಎಸ್‌ಎಂಪಿಎಸ್ ತನ್ನ ರೇಟಿಂಗಿನ ಎರಡರಷ್ಟು ಹೊರೆಯನ್ನು 100 ಮೈಕ್ರೋಸೆಕೆಂಡ್ ತಡೆಯಬೇಕು, ಶೇ 120 ಹೊರೆಯನ್ನು 100 ಮಿಲಿಸೆಕೆಂಡ್ ತಡೆಯಬೇಕು. ಹಳೆಯ ಎಟಿಎಕ್ಸ್ 2ರ ಕಾಲದ ಎಸ್‌ಎಂಪಿಎಸ್‌ಗೆ ಇಂಥ ಕಟ್ಟುಪಾಡು ಇರಲಿಲ್ಲ. ಕೆಲವು ಹಳೆಯವು ಇದಕ್ಕಿಂತ ಜಾಸ್ತಿಯೂ ತಡೆಯುತ್ತವೆ, ಕೆಲವು ಸ್ವಲ್ಪಕ್ಕೇ ಬಿಟ್ಟುಕೊಡುತ್ತವೆ. ಪೆಟ್ಟಿಗೆ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಎಟಿಎಕ್ಸ್ 3.0 ಅಥವಾ 3.1 ಅಂತ ಬರೆದಿರಲೇಬೇಕು ಅಂದುಕೊಂಡೆ.

ಇಲ್ಲೇ ಒಂದು ತೊಡಕು. ಎಟಿಎಕ್ಸ್ 3 ಬಂದ ಮೇಲೆ ತಯಾರಕರು ಹೊಸ 16-ಪಿನ್ ಕೇಬಲ್ ಕೊಡುತ್ತಾರೆ, ಅದರ ಬದಲಿಗೆ 8-ಪಿನ್ ಸಾಕೆಟ್ಟುಗಳನ್ನು ಕಡಿಮೆ ಮಾಡುತ್ತಾರೆ. ಹೊಸ ಒಂದೇ ಕಾರ್ಡಿನವರಿಗೆ ಅದು ಸರಿ. ನನಗೆ ಬೇಕಾದದ್ದು ಆರು 8-ಪಿನ್, ಅದೂ ಆರು ಬೇರೆ ಬೇರೆ ಕೇಬಲ್. 1200 ವ್ಯಾಟಿನ ಹಲವು ಮಾಡೆಲ್‌ಗಳು ಬಿದ್ದುಹೋದದ್ದು ವ್ಯಾಟಿನಲ್ಲಿ ಅಲ್ಲ, ಸಾಕೆಟ್ ಎಣಿಕೆಯಲ್ಲಿ. ಕೊಳ್ಳುವ ಮುಂಚೆ ಎಸ್‌ಎಂಪಿಎಸ್‌ನ ಹಿಂಬದಿಯ ಫೋಟೋ ನೋಡಿ, ಸಾಕೆಟ್ಟುಗಳನ್ನು ಬೆರಳಿಟ್ಟು ಎಣಿಸಿ. "ಪಿಸಿಐಇ ಕನೆಕ್ಟರ್ ಆರು" (ಪಿಸಿಐಇ ಅಂದರೆ ಗ್ರಾಫಿಕ್ಸ್ ಕಾರ್ಡಿನದು) ಅಂತ ಬರೆದಿದ್ದರೆ ಅದು ಮೂರು ಕೇಬಲ್, ತಲಾ ಎರಡು ತಲೆ ಅನ್ನುವುದೂ ಆಗಿರಬಹುದು.

ಬಹಳಷ್ಟು ಮಾಡೆಲ್‌ಗಳಲ್ಲಿ ಸಿಪಿಯುಗೂ ಕಾರ್ಡಿಗೂ ಒಂದೇ ಥರದ ಸಾಕೆಟ್, ಎರಡಕ್ಕೂ ಹಂಚಿಕೊಳ್ಳಬೇಕು. ಮದರ್‌ಬೋರ್ಡಿನಲ್ಲಿ ಸಿಪಿಯುಗೆ 8-ಪಿನ್ ಜೊತೆ ಇನ್ನೊಂದು 4-ಪಿನ್ ಇದೆ. ಅದನ್ನು ಖಾಲಿ ಬಿಡಬಹುದೇ ಅಂತ ನೋಡಿದೆ. ಸಿಪಿಯುನ 8-ಪಿನ್‌ನಲ್ಲಿ ನಾಲ್ಕು 12 ವೋಲ್ಟ್ ವೈರ್ ಇರುತ್ತವೆ. 142 ವ್ಯಾಟ್ ಅಂದರೆ ಸುಮಾರು 12 ಆಂಪ್, ಬೋರ್ಡಿನ ನಷ್ಟ ಸೇರಿಸಿದರೂ ವೈರಿಗೆ 3ರಿಂದ 4 ಆಂಪ್. ಓವರ್‌ಕ್ಲಾಕ್ ಮಾಡದವರಿಗೆ ಒಂದೇ ಸಾಕು. ಹಾಗಾಗಿ ನನಗೆ ಬೇಕಾದದ್ದು ಎಂಟಲ್ಲ, ಏಳು ಸಾಕೆಟ್.

ಇನ್ನು ವ್ಯಾಟ್. ನೂರು ವ್ಯಾಟ್ ಬೇಕಿದ್ದರೆ ಇನ್ನೂರರದ್ದು ತಗೊಳ್ಳಿ, ಅರ್ಧ ಹೊರೆಯಲ್ಲೇ ದಕ್ಷತೆ ಜಾಸ್ತಿ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಸುಳ್ಳಲ್ಲ, ಆದರೆ ಅದಕ್ಕೆ ದುಡ್ಡು ಸುರಿಯುವಷ್ಟು ದೊಡ್ಡದೂ ಅಲ್ಲ. 80 ಪ್ಲಸ್ ಅನ್ನುವ ದಕ್ಷತೆಯ ಬ್ಯಾಡ್ಜಿನ ಗೋಲ್ಡ್ ದರ್ಜೆ 115 ವೋಲ್ಟಿನಲ್ಲಿ ಶೇ 20 ಹೊರೆಯಲ್ಲಿ 87, ಅರ್ಧ ಹೊರೆಯಲ್ಲಿ 90, ಪೂರ್ತಿ ಹೊರೆಯಲ್ಲಿ 87 ಕೇಳುತ್ತದೆ. ಮೂರು ಪಾಯಿಂಟಿನ ವ್ಯತ್ಯಾಸ. ಇನ್ನೊಂದು ಕಡೆ, 1600 ವ್ಯಾಟಿನದು ಹಾಕಿ ಬ್ರೌಸರ್ ನೋಡುತ್ತಾ ಕೂತರೆ ಹೊರೆ ಶೇ 6ಕ್ಕೆ ಇಳಿಯುತ್ತದೆ. ಬ್ರಾಂಜ್‌ನಿಂದ ಟೈಟೇನಿಯಂ ವರೆಗಿನ ದರ್ಜೆಗಳಲ್ಲಿ ಶೇ 10 ಹೊರೆಯಲ್ಲಿ ಪರೀಕ್ಷೆ ಇರುವುದು ಟೈಟೇನಿಯಂಗೆ ಮಾತ್ರ. ಉಳಿದವು ಅಷ್ಟು ಕೆಳಗೆ ಹೇಗೆ ನಡೆದುಕೊಳ್ಳುತ್ತವೆ ಅಂತ ಆ ಬ್ಯಾಡ್ಜ್ ಏನೂ ಹೇಳುವುದಿಲ್ಲ. ಬ್ಯಾಡ್ಜ್ ದಕ್ಷತೆಯದ್ದು ಮಾತ್ರ, ಗುಣಮಟ್ಟದ್ದಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ಪೈಕ್ ತಡೆಯುವುದಕ್ಕೂ ಚಿನ್ನದ ಬಣ್ಣಕ್ಕೂ ಸಂಬಂಧವಿಲ್ಲ.

1000 ವ್ಯಾಟಿನದಾದರೆ 907ರ ಹೊರೆಯಲ್ಲಿ ಶೇ 90ರ ಮೇಲೆ ಓಡುತ್ತದೆ. ಎಟಿಎಕ್ಸ್ 3.0 ಆಗಿದ್ದರೆ ಬೀಳುವುದಿಲ್ಲ, ಆದರೆ ಫ್ಯಾನ್ ಸದ್ದು ತಡೆಯಲಾಗುವುದಿಲ್ಲ. 1200ರಲ್ಲಿ ಅದೇ ಹೊರೆ ಶೇ 76. 1600ರದ್ದು ಉದ್ದ ಜಾಸ್ತಿ, ನನ್ನ ಕೇಸಿನ ಡ್ರೈವ್ ಗೂಡು ತೆಗೆಯಬೇಕಾಗುತ್ತದೆ. ಮಾಡ್ಯುಲರ್, ಅಂದರೆ ಬಿಚ್ಚಿ ಹಾಕುವ, ಕೇಬಲ್‌ಗಳು ಬಾಗುವುದಕ್ಕೂ ಹಿಂದೆ ಜಾಗ ಬೇಕು. ಅಷ್ಟು ದೊಡ್ಡವುಗಳಲ್ಲಿ ಹಲವಕ್ಕೆ ಗೋಡೆಯಿಂದ ಬರುವ ಮಾಮೂಲಿ ಪವರ್ ವೈರ್ ಕೂರುವುದಿಲ್ಲ, ಸಿ19 ಅನ್ನುವ ದಪ್ಪ ಪ್ಲಗ್ ಬೇಕು. 1200ಕ್ಕೇ ನಿಂತೆ.

ಕೊನೆಯದಾಗಿ ಉಳಿದದ್ದು ಸಿಂಗಲ್ ರೈಲೋ ಮಲ್ಟಿ ರೈಲೋ. ಸಿಂಗಲ್ ರೈಲ್ 1200 ವ್ಯಾಟ್ ಅಂದರೆ ಎಲ್ಲ 12 ವೋಲ್ಟ್ ವೈರೂ ಒಂದೇ 100 ಆಂಪ್ ಮೂಲಕ್ಕೆ ಸೇರಿರುತ್ತವೆ. ಎಲ್ಲೋ ಒಂದು ವೈರಿನಲ್ಲಿ ಅರ್ಧಂಬರ್ಧ ಶಾರ್ಟ್ ಆಗಿ 60 ಆಂಪ್ ಹರಿದರೆ ಎಸ್‌ಎಂಪಿಎಸ್‌ಗೆ ಅದು ಮಾಮೂಲಿ ಹೊರೆ, ವೈರಿಗೆ ಬೆಂಕಿ. ಮಲ್ಟಿ ರೈಲ್‌ನಲ್ಲಿ ಪ್ರತಿ ಗುಂಪಿಗೂ ಬೇರೆ ಮಿತಿ ಇರುವುದರಿಂದ ಮೊದಲೇ ಕಡಿಯುತ್ತದೆ. ಮಿತಿ ತೀರಾ ಕಡಿಮೆ ಇದ್ದ ಹಳೆಯ ಮಾಡೆಲ್‌ಗಳಿಂದ ಮಲ್ಟಿ ರೈಲಿಗೆ ಕೆಟ್ಟ ಹೆಸರು ಬಂತು. ನನಗೆ ಮಲ್ಟಿ ರೈಲೇ ಇಷ್ಟ. ಎರಡು ಕಾರ್ಡಿನ ಕೇಬಲ್ ಒಂದೇ ಗುಂಪಿಗೆ ಬೀಳದಂತೆ ಮ್ಯಾನ್ಯುಯಲ್ ನೋಡಿ ಹಂಚಬೇಕು, ಕೆಲಸ ಅಷ್ಟೇ.

ಕೇಬಲ್

ಲೆಕ್ಕದಲ್ಲಿ ಜನ ಹೆಚ್ಚು ಹೊತ್ತು ಕಳೆಯುವುದು ವ್ಯಾಟಿನ ಮೇಲೆ. ತೊಂದರೆ ಬರುವುದು ಕೇಬಲ್ಲಿನಲ್ಲಿ.

ಪಿಸಿಐಇ 8-ಪಿನ್‌ನಲ್ಲಿ 12 ವೋಲ್ಟ್ ವೈರ್ ಇರುವುದು ಮೂರೇ. ಅದಕ್ಕೆ ನಿಗದಿ ಮಾಡಿದ್ದು 150 ವ್ಯಾಟ್, ಅಂದರೆ ವೈರಿಗೆ 4 ಆಂಪ್‌ಗಿಂತ ಸ್ವಲ್ಪ ಜಾಸ್ತಿ. ನನ್ನ ಕಾರ್ಡು 350 ವ್ಯಾಟಿನಲ್ಲಿ ಸ್ಲಾಟಿನಿಂದ ಸುಮಾರು 60 ತಗೊಂಡು, ಉಳಿದದ್ದನ್ನು ಮೂರು ಪ್ಲಗ್‌ನಿಂದ ಎಳೆಯುತ್ತದೆ. ಪ್ಲಗ್ಗಿಗೆ 97 ವ್ಯಾಟ್, ವೈರಿಗೆ 2.7 ಆಂಪ್. ಬಹಳ ಆರಾಮ. ಅದೇ ಎರಡು ತಲೆಯ ಕೇಬಲ್ ಹಾಕಿದರೆ ಎಸ್‌ಎಂಪಿಎಸ್ ಕಡೆಯ ಮೂರೇ ವೈರಿನಲ್ಲಿ ಎರಡು ಪ್ಲಗ್ಗಿನ ಕರೆಂಟ್ ಹೋಗಬೇಕು. ವೈರಿಗೆ 5.4 ಆಂಪ್, ಸ್ಪೈಕ್‌ನಲ್ಲಿ 8ರ ಮೇಲೆ. ಕರೆಂಟ್ ಎರಡರಷ್ಟಾದರೆ ವೈರ್ ಬಿಸಿಯಾಗುವುದು ನಾಲ್ಕರಷ್ಟು. 18 ಗೇಜ್ ವೈರಿಗೆ ಮೀಟರಿಗೆ ಸುಮಾರು 21 ಮಿಲಿಓಮ್. 65 ಸೆಂಟಿಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿಗೆ 27 ಮಿಲಿಓಮ್ ಹಿಡಿದರೆ 8 ಆಂಪ್‌ಗೆ 0.2 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಕರಗುವುದು ವೈರ್ ಅಲ್ಲ, ಪ್ಲಗ್. ಲೋಹದ ಪಿನ್ ಸ್ವಲ್ಪ ಸಡಿಲವಿದ್ದರೂ ಶಾಖವೆಲ್ಲ ಅಲ್ಲಿಗೇ ಬಂದು ಸೇರುತ್ತದೆ.

ಎರಡು ತಲೆಯ ಕೇಬಲ್ ಯಾವತ್ತೂ ಬೇಡ ಅಂತಲ್ಲ. 200 ವ್ಯಾಟಿನ ಒಂದು ಕಾರ್ಡಿಗೆ ಸಾಕು. 300ರ ಮೇಲಿನದಕ್ಕೆ ಪ್ರತಿ ಪ್ಲಗ್ಗಿಗೂ ಬೇರೆ ಕೇಬಲ್ ಹಾಕಿ. ಇನ್ನು ಸಾಟಾ (ಡ್ರೈವ್‌ಗಳಿಗೆ ಕರೆಂಟ್ ಕೊಡುವ) ಪ್ಲಗ್ಗನ್ನು ಕಾರ್ಡಿನ ಪ್ಲಗ್ಗಾಗಿ ಮಾಡುವ ಅಡಾಪ್ಟರ್ ಸಿಗುತ್ತದೆ. ಸಾಟಾದ 12 ವೋಲ್ಟ್ ಪಿನ್ನುಗಳ ಮಿತಿ ಒಟ್ಟು 4.5 ಆಂಪ್, ಅಂದರೆ 54 ವ್ಯಾಟ್. ಅದನ್ನು 75 ಅಥವಾ 150 ವ್ಯಾಟ್ ಕೇಳುವ ಕಡೆ ಹಾಕುವುದೆಂದರೆ ಅಪಾಯವನ್ನು ದುಡ್ಡು ಕೊಟ್ಟು ತಂದಂತೆ.

ಸ್ಲಾಟಿನ ಕರೆಂಟನ್ನೂ ಮರೆಯಬಾರದು. ಪ್ರತಿ ಸ್ಲಾಟ್ 12 ವೋಲ್ಟಿನಲ್ಲಿ 5.5 ಆಂಪ್ ವರೆಗೆ ಕೊಡಬಹುದು. ಎರಡು ಸ್ಲಾಟಿಗೆ 11 ಆಂಪ್, ಅದೆಲ್ಲ ಬರುವುದು 24-ಪಿನ್ ಪ್ಲಗ್ಗಿನ ಎರಡೇ ಎರಡು ಹಳದಿ ವೈರಿನಲ್ಲಿ. ಎರಡು ಕಾರ್ಡಿಗೆ ನಡೆಯುತ್ತದೆ. ಮೂರು, ನಾಲ್ಕು ಕಾರ್ಡಿಗೆ ಹೋಗುವವರು ಮದರ್‌ಬೋರ್ಡಿನಲ್ಲಿ ಸ್ಲಾಟಿಗೆ ಅಂತಲೇ ಹೆಚ್ಚುವರಿ ಪವರ್ ಸಾಕೆಟ್ ಇದೆಯಾ ನೋಡಬೇಕು, ಇದ್ದರೆ ಖಾಲಿ ಬಿಡಬಾರದು.

ಜೋಡಣೆ ಮತ್ತು ಅಳತೆ

ಕೇಸಿಗೆ ಹಾಕುವ ಮುಂಚೆ ಮೇಜಿನ ಮೇಲೆ ಎಸ್‌ಎಂಪಿಎಸ್ ಒಂದನ್ನೇ ಆನ್ ಮಾಡಿದೆ. ಗೋಡೆಯ ಸ್ವಿಚ್ ಆಫ್ ಇರುವಾಗ 24-ಪಿನ್ ಪ್ಲಗ್ಗಿನ 16ನೇ ಪಿನ್ನಿಗೂ ಪಕ್ಕದ 17ನೇ ಪಿನ್ನಿಗೂ ಒಂದು ಪೇಪರ್ ಕ್ಲಿಪ್ ಹಾಕಿ, ಆಮೇಲೆ ಸ್ವಿಚ್. ಬಣ್ಣದ ವೈರ್ ಇದ್ದರೆ ಅದು ಹಸಿರು ಮತ್ತು ಕಪ್ಪು. ಈಗಿನವುಗಳಲ್ಲಿ ಎಲ್ಲವೂ ಕಪ್ಪು, ಹಾಗಾಗಿ ಪಿನ್ ಎಣಿಸಲೇಬೇಕು. ಮಲ್ಟಿಮೀಟರಿನಲ್ಲಿ 12, 5, 3.3 ಮೂರೂ ಸರಿ ಬಂದವು. ಹೊರೆ ಇಲ್ಲದೆ ಬಂದ ಈ ಸಂಖ್ಯೆಗಳಿಂದ ಗೊತ್ತಾಗುವುದು ಎಸ್‌ಎಂಪಿಎಸ್ ಸತ್ತಿಲ್ಲ ಅನ್ನುವುದು ಮಾತ್ರ.

ಕೂರಿಸುವಾಗ ಒಂದೇ ಎಚ್ಚರ. ಸಿಪಿಯುನ 8-ಪಿನ್, ಕಾರ್ಡಿನ 8-ಪಿನ್ ನೋಡಲು ಒಂದೇ ಥರ. ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರುತ್ತದೆ. ಸಿಪಿಯುದು 4+4 ಆಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು 6+2. ತಪ್ಪು ಪ್ಲಗ್ ಸುಲಭಕ್ಕೆ ಕೂರುವುದಿಲ್ಲ, ಆದರೆ ಬಲ ಹಾಕಿದರೆ ಕೂರುವವೂ ಇವೆ. ಬಲ ಬೇಕು ಅನಿಸಿದರೆ ನಿಲ್ಲಿಸಿ.

ಮೊದಲು ಒಂದು ಕಾರ್ಡು, ಆಮೇಲೆ ಎರಡೂ. 350 ವ್ಯಾಟಿನಲ್ಲಿ ಎರಡನ್ನೂ ದುಡಿಸಿ, ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರಿನಲ್ಲಿ ಪ್ರತಿ 8-ಪಿನ್‌ನ ವೋಲ್ಟೇಜ್ ನೋಡಿದೆ. ಸುಮ್ಮನಿದ್ದಾಗ 12.1, ಪೂರ್ತಿ ಹೊರೆಯಲ್ಲಿ 11.95. ಹೋಲಿಕೆಗೆ ಅಂತ ಒಂದು ಕಾರ್ಡಿಗೆ ಎರಡು ತಲೆಯ ಕೇಬಲ್ ಹಾಕಿ ನೋಡಿದಾಗ ಆ ಪ್ಲಗ್ಗುಗಳಲ್ಲಿ 11.8 ಬಂತು. ಎಟಿಎಕ್ಸ್ 2ರ ಶೇ 5 ಮಿತಿ ಹಿಡಿದರೂ 11.4 ವರೆಗೆ ಸರಿ, ಹಾಗಾಗಿ ಇದೂ ತಪ್ಪಲ್ಲ. ಆದರೆ ಅದೇ ಕೇಬಲ್ಲಿನ ಎಸ್‌ಎಂಪಿಎಸ್ ಕಡೆಯ ಪ್ಲಗ್ ಮುಟ್ಟಿದರೆ ಬೆಚ್ಚಗೆ, ಉಳಿದವು ತಣ್ಣಗೆ. ತೆಗೆದು ಬೇರೆ ಕೇಬಲ್ ಹಾಕಿದೆ.

ಕೇಬಲ್ಲಿನ ಕರೆಂಟ್ ಅಳೆಯಬೇಕೆಂದರೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರೇ ಆಗಬೇಕು. ಕಡಿಮೆ ಬೆಲೆಯ ಹೆಚ್ಚಿನವು ಎಸಿ ಮಾತ್ರ ಅಳೆಯುತ್ತವೆ, ಇಲ್ಲಿ ಸೊನ್ನೆ ತೋರಿಸುತ್ತವೆ. ಒಂದು ಕೇಬಲ್ಲಿನ ಮೂರು 12 ವೋಲ್ಟ್ ವೈರನ್ನು ಮಾತ್ರ ದವಡೆಯೊಳಗೆ ಹಿಡಿಯಬೇಕು. ಗ್ರೌಂಡ್ ವೈರನ್ನೂ ಸೇರಿಸಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಹೊಡೆದುಹಾಕುತ್ತವೆ. ನನ್ನಲ್ಲಿ ಆರು ಕೇಬಲ್ಲಿನಲ್ಲೂ 7ರಿಂದ 9 ಆಂಪ್ ಬಂತು, ಲೆಕ್ಕಕ್ಕೆ ಹತ್ತಿರ. ಸ್ಪೈಕ್ ಇದರಲ್ಲೂ ಕಾಣುವುದಿಲ್ಲ, ಅದಕ್ಕೆ ಆಸಿಲೋಸ್ಕೋಪ್ ಬೇಕು. ಹಳೆಯದನ್ನು ಕೆಡವಿದ ಅದೇ ದೃಶ್ಯವನ್ನು ಮಿತಿ ಇಲ್ಲದೆ ಮತ್ತೆ ಮತ್ತೆ ಲೋಡ್ ಮಾಡಿದೆ. ಕ್ಲಾಕ್ ಬಿಟ್ಟದ್ದೂ ಆಯಿತು, ಪ್ರೊಸೆಸರಿಗೆ ಹೊರೆ ಹಾಕಿದ್ದೂ ಆಯಿತು. ಟ್ರಿಪ್ ಆಗಲಿಲ್ಲ. ಗೋಡೆಯ ಮೀಟರ್ ಸಾವಿರದ ಸುತ್ತ ನಿಂತಿತ್ತು.

ಯುಪಿಎಸ್ ಇರುವವರು ಅದರ ವಿಎ ಸಂಖ್ಯೆ ನೋಡಬೇಡಿ, ವ್ಯಾಟ್ ನೋಡಿ. 1500 ವಿಎ ಅಂತ ಬರೆದ ಹಲವು ಯುಪಿಎಸ್ 900 ವ್ಯಾಟಿನವು, ಈ ಹೊರೆಗೆ ಸಾಲುವುದಿಲ್ಲ. ಆಕ್ಟಿವ್ ಪಿಎಫ್‌ಸಿ (ಗೋಡೆಯ ಕರೆಂಟನ್ನು ಅಲೆಗೆ ತಕ್ಕಂತೆ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೆ ಪ್ಯೂರ್ ಸೈನ್ ವೇವ್ ಯುಪಿಎಸ್ ಒಳ್ಳೆಯದು. ಮೆಟ್ಟಿಲು ಮೆಟ್ಟಿಲಾಗಿ ಬರುವ ಅಲೆಗೆ ಕೆಲವು ಎಸ್‌ಎಂಪಿಎಸ್ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ಕೈಕೊಡುತ್ತವೆ.

ಈಗ ದಿನನಿತ್ಯ ಓಡಿಸುವುದು ಕಾರ್ಡಿಗೆ 300 ವ್ಯಾಟ್ ಮಿತಿಯಲ್ಲೇ. ಎಸ್‌ಎಂಪಿಎಸ್ ಸಾಲದೆ ಅಲ್ಲ, ಸಾವಿರ ವ್ಯಾಟ್ ಅಂದರೆ ಕೋಣೆಯಲ್ಲಿ ಹೀಟರ್ ಇಟ್ಟಂತೆ, ಮೇಲಿನ ಕಾರ್ಡಿಗೆ ಕೆಳಗಿನದರ ಬಿಸಿಗಾಳಿ ಬೇರೆ. ಫ್ರೇಮ್ ಕಡಿಮೆಯಾದದ್ದು ಕಣ್ಣಿಗೆ ಕಾಣುವಷ್ಟಿಲ್ಲ.

ಹಳೆಯ 850 ಇನ್ನೊಂದು ಒಂಟಿ ಕಾರ್ಡಿನ ಕಂಪ್ಯೂಟರಿಗೆ ಹೋಗುತ್ತಿದೆ, ಅದರ ಕೇಬಲ್ಲೂ ಅದರ ಜೊತೆಗೇ. ಮಾಡ್ಯುಲರ್ ಕೇಬಲ್ಲಿನ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಯಾವ ಸ್ಟ್ಯಾಂಡರ್ಡೂ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಸರಿಯಾಗಿ ಕೂತರೂ 12 ವೋಲ್ಟ್ ಹೋಗಬೇಕಾದ ಕಡೆ ಗ್ರೌಂಡ್ ಹೋಗಬಹುದು. ಅದಕ್ಕೇ ಎರಡು ಚೀಲ ಮಾಡಿ, ಪ್ರತಿ ಕೇಬಲ್ಲಿಗೂ ಟೇಪಿನ ಮೇಲೆ ಮಾಡೆಲ್ ಹೆಸರು ಬರೆದು ಅಂಟಿಸಿದ್ದೇನೆ.